ಅಣ್ಣ ಉಂಡ ಎಲೆ

ನಮ್ಮ ಮನೆಯಲ್ಲಿ ಅಣ್ಣ ಉಂಡ ತಟ್ಟೆಯನ್ನು ಅಮ್ಮನೇ ತೊಳೆಯುತ್ತಿದ್ದಳು. ಅವನು ಕೈ ತೊಳೆಯಲು ಏಳುತ್ತಿದ್ದಂತೆ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗುವಳು. ಅನ್ನ ಉಳಿದಿದ್ದರೆ ತಿಪ್ಪೆಗೆ ಸುರಿದು ಮೇಲೆ ಬೂದಿ ಎಳೆಯುವಳು. ಬೀದಿ ನಾಯಿಗೂ ಹಾಕುತ್ತಿರಲಿಲ್ಲ. ಅತ್ತಿಗೆ ಮದುವೆಯಾಗಿ ಬಂದ ಹೊಸದರಲ್ಲಿ, ತನ್ನ ತವರಿನ ರೂಢಿಯಂತೆ, ಗಂಡ ಉಂಡ ತಟ್ಟೆಯಲ್ಲೇ ತಾನೂ ಬಡಿಸಿಕೊಳ್ಳಲು ಕೂತಳು. ಅಮ್ಮ ಅವಳ ಮುಂದಿನಿಂದ ತಟ್ಟೆ ಎಳೆದುಕೊಂಡಳು.

"ನಮ್ಮನೇಲಿ ಆ ಪದ್ಧತಿ ಇಲ್ಲ ಕಣಮ್ಮ. ಬ್ಯಾರೆ ತಟ್ಟೆ ತಗೋ."

ಆ ಪದ್ಧತಿ ನಮ್ಮ ಮನೆಯಲ್ಲೂ ಇತ್ತು. ಅಪ್ಪ ಬದುಕಿರುವವರೆಗೆ ಅಮ್ಮ ಬೇರೆ ತಟ್ಟೆಯಲ್ಲಿ ಉಂಡದ್ದನ್ನು ನಾನು ನೋಡಿರಲಿಲ್ಲ. ಅತ್ತಿಗೆ ಸುಮ್ಮನೆ ಎದ್ದು ಬೇರೆ ತಟ್ಟೆ ತಂದುಕೊಂಡಳು. ಸಂಜೆ ಬಾವಿಕಟ್ಟೆಯ ಹತ್ತಿರ ನನ್ನನ್ನು ಕೇಳಿದಳು: "ಅತ್ತೆಗೆ ನಾನಂದ್ರೆ ಆಗಲ್ವೇನಮ್ಮಯ್ಯ? ನಿಮ್ಮಣ್ಣಾನೂ ಅಷ್ಟೇ, ಮುಖ ನೋಡಿದ್ರೆ ನಗೋದೇ ಇಲ್ಲ."

"ಅವನು ಚಿಕ್ಕಂದಿನಿಂದಲೂ ಹಾಗೇ" ಎಂದೆ.

ಅದು ಸುಳ್ಳು. ನಮ್ಮ ಬೀದಿಯಲ್ಲಿ ಅಣ್ಣನಷ್ಟು ಗಟ್ಟಿಯಾಗಿ ನಗುವವರು ಇರಲಿಲ್ಲ. ಹಿಂದೂಪುರದ ಆ ಬೀದಿಯಲ್ಲಿ ಸಾಲಾಗಿ ನೇಯ್ಗೆಯವರ ಮನೆಗಳು. ಎಲ್ಲ ಮಗ್ಗಗಳ ಲಾಳಿ ಒಟ್ಟಿಗೆ ಓಡುವಾಗಲೂ ಅವನ ನಗು ಆಚೆ ಮನೆಗೆ ಕೇಳುತ್ತಿತ್ತು. ಆ ನಗು ನಿಂತದ್ದು ಮದುವೆಗೆ ಎರಡು ವರ್ಷ ಮೊದಲು. ಆಗ ಅವನು ಮಗ್ಗದ ಗುಣಿಯಲ್ಲಿ ಕಾಲಿಳಿಬಿಟ್ಟು ಕೂತವನು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ಕಿವಿಗೊಡುತ್ತಿದ್ದ. ಪಕ್ಕದ ಮನೆಯ ಮಗ್ಗ ತನ್ನ ಹೆಸರು ಹೇಳುತ್ತಿದೆ ಎನ್ನುತ್ತಿದ್ದ. ಆಮೇಲೆ ಎದುರು ಮನೆಯದೂ ಹೇಳತೊಡಗಿತು. ಕೊನೆಗೆ ಊಟ ಬಿಟ್ಟ. "ಅನ್ನದಾಗೆ ಏನೋ ಹಾಕ್ತಿದೀರಾ. ನಂಗೊತ್ತಾಗಲ್ಲ ಅಂದ್ಕೊಂಡಿದೀರಾ?" ಎಂದು ಅಮ್ಮನ ಮುಂದೆ ತಟ್ಟೆ ಎಸೆದ. ಅಮ್ಮ ಅದೇ ಅನ್ನವನ್ನು ನೆಲದಿಂದ ಬಳಿದುಕೊಂಡು ಅವನ ಕಣ್ಣೆದುರೇ ತಿಂದು ತೋರಿಸಿದಳು. ಅವನು ನಂಬಲಿಲ್ಲ.

ಬೆಂಗಳೂರಿನ ಆಸ್ಪತ್ರೆಗೆ ಅವನನ್ನು ಕರೆದೊಯ್ದಾಗ ನಾನೂ ಹೋಗಿದ್ದೆ. ನಾನು ಆಗಷ್ಟೇ ಬಿ.ಎಸ್ಸಿ. ಸೇರಿದ್ದೆ; ಇಂಗ್ಲಿಷ್ ಓದಿದವಳು ಜೊತೆಗಿರಲಿ ಎಂದು ಅಮ್ಮ ಕರೆದುಕೊಂಡಿದ್ದಳು. ಅಲ್ಲಿ ಕೊಟ್ಟ ಇಂಜೆಕ್ಷನ್ನಿಗೆ ಮಾರನೆಯ ದಿನ ಅಣ್ಣನ ಕತ್ತು ಒಂದು ಪಕ್ಕಕ್ಕೆ ತಿರುಚಿಕೊಂಡಿತು. ಕಣ್ಣುಗುಡ್ಡೆಗಳು ಮೇಲಕ್ಕೆ ಹೋಗಿ ಅಲ್ಲೇ ನಿಂತವು. ಅಮ್ಮ ಕಿರುಚಿಕೊಂಡಳು. ಒಬ್ಬ ಯುವ ಡಾಕ್ಟರು ಬಂದು ಇನ್ನೊಂದು ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಕತ್ತು ತಾನಾಗಿ ಸರಿಹೋಯಿತು. ಏನಾಯಿತೆಂದು ನಾನು ಕೇಳಿದಾಗ ಅವರು ಮಂಚದ ಅಂಚಿನಲ್ಲಿ ಕೂತು ಹೇಳಿದ್ದನ್ನು ನಾನು ಇಂದಿಗೂ ಮರೆತಿಲ್ಲ.

"ಮಿದುಳಲ್ಲಿ ಸುದ್ದಿ ಒಯ್ಯೋ ಒಂದು ರಸ ಇದೆ. ಅದು ಹೋಗಿ ಕೂರೋಕೆ ಅಲ್ಲಲ್ಲಿ ಸೀಟುಗಳಿವೆ. ನಿಮ್ಮಣ್ಣನಿಗೆ ಒಂದು ಕಡೆ ಅದು ನುಗ್ಗಿ ನುಗ್ಗಿ ಕೂರುತ್ತೆ. ಅದಕ್ಕೇ ಏನೂ ಅಲ್ಲದ್ದೆಲ್ಲ ಅವರಿಗೆ ದೊಡ್ಡ ಸುದ್ದಿಯಾಗುತ್ತೆ, ಮಗ್ಗದ ಸದ್ದೂ ಮಾತಾಗುತ್ತೆ. ಬಸ್ಸು ಬಂದ ಕೂಡಲೇ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕ್ತಾರಲ್ಲ, ಈ ಔಷಧಿ ಮಾಡೋದು ಅಷ್ಟೇ. ಟವೆಲ್ ತಾನು ಎಲ್ಲಿಗೂ ಹೋಗಲ್ಲ, ಆದ್ರೆ ಬೇರೆಯವರನ್ನ ಕೂರೋಕೂ ಬಿಡಲ್ಲ."

"ಮತ್ತೆ ಕತ್ತು?"

"ಅದೇ ರಸ ಇನ್ನೊಂದು ಬಸ್ಸಲ್ಲೂ ಓಡಾಡುತ್ತೆ. ಕೈಕಾಲು, ಕತ್ತು, ನಾಲಗೆ ಹದವಾಗಿ ಆಡಬೇಕಾದ್ರೆ ಅಲ್ಲಿ ಅದು ಬೇಕು. ಔಷಧಿಗೆ ಯಾವ ಬಸ್ಸು ಅಂತ ಗೊತ್ತಾಗಲ್ಲಮ್ಮ. ಎಲ್ಲದಕ್ಕೂ ಟವೆಲ್ ಹಾಕಿಬಿಡುತ್ತೆ."

ಅದಕ್ಕಾಗಿ ಎರಡು ಬಗೆಯ ಮಾತ್ರೆ ಬರೆದರು. ಮೊದಲನೆಯದು ಮಗ್ಗದ ಮಾತು ನಿಲ್ಲಿಸುವುದು. ಎರಡನೆಯದು ಮೊದಲನೆಯದು ತರುವ ಬಿಗಿತ, ನಡುಕಗಳನ್ನು ಸಡಿಲಿಸುವುದು. ಒಂದನ್ನು ಬಿಟ್ಟು ಒಂದನ್ನು ಕೊಡಬೇಡಿ ಎಂದು ಎಚ್ಚರಿಸಿದರು. ಇಂಜೆಕ್ಷನ್ನುಗಳಿಂದ ಅನ್ನದ ಮೇಲಿನ ಅನುಮಾನ ಇಳಿದು ಅಣ್ಣ ಉಣ್ಣತೊಡಗಿದ್ದ. ಆದರೆ ಊರಿಗೆ ಬಂದ ಮೇಲೆ ಮೊದಲನೆಯದನ್ನು ಮುಟ್ಟಲಿಲ್ಲ. ನನಗೇನೂ ಆಗಿಲ್ಲ, ನನಗ್ಯಾಕೆ ಎಂದ. ಅಮ್ಮ ಅದನ್ನು ಸೌಟಿನ ಬೆನ್ನಿನಿಂದ ಪುಡಿಮಾಡಿ ಮೊಸರನ್ನದಲ್ಲಿ ಕಲಸತೊಡಗಿದಳು. ರುಚಿಯಿಲ್ಲ, ವಾಸನೆಯಿಲ್ಲ. ಎರಡನೆಯ ಮಾತ್ರೆಯನ್ನು ಮಾತ್ರ "ನರಕ್ಕೆ ಬಲ ಬರ್ಲಿ ಅಂತ ಕೊಟ್ಟವ್ರೆ" ಎಂದು ಅಂಗೈ ಮೇಲೆಯೇ ಇಡುತ್ತಿದ್ದಳು. ಅದನ್ನು ನುಂಗಿದರೆ ಲಾಳಿ ಹಿಡಿಯುವ ಕೈಯ ನಡುಕ ಇಳಿಯುತ್ತಿದ್ದುದರಿಂದ ಅವನು ತಾನೇ ಕೇಳಿ ತೆಗೆದುಕೊಳ್ಳುತ್ತಿದ್ದ. ಆ ನಡುಕ ಎಲ್ಲಿಂದ ಬರುತ್ತಿದೆ ಎಂದು ಅವನಿಗೆ ಯಾರೂ ಹೇಳಲಿಲ್ಲ.

ಅಣ್ಣ ಚೇತರಿಸಿಕೊಂಡ. ಮಗ್ಗಗಳು ಮತ್ತೆ ಬರಿಯ ಮಗ್ಗಗಳಾದವು. ಮೈ ಊದಿತು, ಮಾತು ನಿಧಾನವಾಯಿತು, ಮುಖ ಗಂಜಿ ಹಾಕಿದ ಬಟ್ಟೆಯಂತೆ ಮಡಿಕೆಯಿಲ್ಲದೆ ನಿಂತುಬಿಟ್ಟಿತು. ಆದರೂ ದಿನವೂ ಗುಣಿಗಿಳಿದು ನೇಯುತ್ತಿದ್ದ. ಅದನ್ನು ನೋಡಿ ಕಲ್ಯಾಣದುರ್ಗದಿಂದ ಹೆಣ್ಣು ತಂದೆವು. ಹೆಣ್ಣಿನವರಿಗೆ ಏನನ್ನೂ ಹೇಳಲಿಲ್ಲ. "ಇವನ ಸಂಗತಿ ಹೊರಗೆ ಬಿದ್ರೆ ನಾಳೆ ನಿನ್ನನ್ಯಾರು ಕಟ್ಕೋತಾರೆ?" ಎಂದು ಅಮ್ಮ ನನ್ನನ್ನು ಕೇಳಿದ್ದಳು. ನಾನು ಆ ಮಾತಿಗೆ ತಲೆಯಾಡಿಸಿದ್ದೆ.

ಮದುವೆಯ ಮೊದಲ ದೀಪಾವಳಿಗೆ ಬೀಗರು ಅಳಿಯನನ್ನು ಎಣ್ಣೆನೀರಿಗೆ ಕರೆದರು. ಮಾತ್ರೆ ಕಲಸಬೇಕಲ್ಲ, ಅಮ್ಮನೂ ಹೊರಟಳು. ನಾನೂ ಹೋದೆ. ಬಸ್ಸು ಬದಲಿಸಿ ಕಲ್ಯಾಣದುರ್ಗ ಸೇರುವಷ್ಟರಲ್ಲಿ ಕತ್ತಲಾಗಿತ್ತು. ಬೀಗರ ಮನೆಯ ತುಂಬ ಜನ, ಅಂದು ಕಲಸಲು ಎಡೆಯೇ ಸಿಗಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಅಮ್ಮ ತಪ್ಪಿದ್ದನ್ನೂ ಸೇರಿಸಿ ಎರಡು ಮಾತ್ರೆ ಪುಡಿ ಮಾಡಿಕೊಂಡಳು.

ಹೋಳಿಗೆ ಊಟ. ಬಾಳೆಲೆ ಹಾಕಿದ್ದರು. ಮೊಸರನ್ನದ ಸರದಿ ಬಂದಾಗ ಅಮ್ಮ ಅಣ್ಣನ ಪಾಲನ್ನು ಒಂದು ಬಟ್ಟಲಿಗೆ ಈಸಿಕೊಂಡು "ನಮ್ಮ ಹುಡುಗ ನಾನು ಕಲಸಿಕೊಟ್ರೇನೇ ತಿನ್ನೋದು" ಎಂದು ಒಳಗೆ ಹೋಗಿ ಕಲಸಿಕೊಂಡು ಬಂದಳು.

ಅತ್ತಿಗೆಯ ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದಳು. ಹಲ್ಲಿಲ್ಲದ ಬಾಯಿ, ಆದರೆ ಮಾತು ಚುರುಕು. "ಏನ್ ಬೀಗಿತ್ತಮ್ಮಾ, ಅಳಿಮಯ್ಯ ಇನ್ನೂ ಮೊಲೆ ಬಿಟ್ಟಿಲ್ವಾ?" ಎಂದಳು. ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು.

ಅಣ್ಣನ ಹೊಟ್ಟೆ ಹೋಳಿಗೆಗೇ ತುಂಬಿತ್ತು. ಒಂದು ತುತ್ತು ಮೊಸರನ್ನ ಬಾಯಿಗಿಟ್ಟು ಉಳಿದದ್ದನ್ನು ಹಾಗೇ ಬಿಟ್ಟು ಎದ್ದ. ಅಮ್ಮ ಎಲೆ ಮಡಿಚಲು ಬಗ್ಗಿದಳು.

"ಎಲೆ ಮುಟ್ಟಬ್ಯಾಡ್ರಿ!" ಅಜ್ಜಿ ಕೂಗಿದಳು. "ಬಾರೇ ಹುಡುಗಿ, ಕೂತ್ಕೋ. ಮೊದ್ಲು ಹಬ್ಬ, ಗಂಡನ ಎಲೇಲಿ ಉಣ್ಣಬೇಕು."

"ಬ್ಯಾಡ ಬಿಡಜ್ಜಿ, ಎಂಜಲು..." ಅಮ್ಮ ಎಲೆಯ ತುದಿ ಹಿಡಿದೇ ಅಂದಳು.

"ಗಂಡನ ಎಂಜಲು ಎಂಜಲಾ? ನೀವೇನ್ ಬೀಗಿತ್ತಿ, ಪಟ್ಟಣದೋರ ಹಂಗೆ ಆಡ್ತೀರಾ. ನಿಮ್ಮ ಯಜಮಾನ್ರ ಎಲೇಲಿ ನೀವು ಉಂಡಿಲ್ವಾ?"

ಅಮ್ಮ ಎಲೆಯಿಂದ ಕೈ ತೆಗೆದಳು. ಅತ್ತಿಗೆ ಅಮ್ಮನ ಕಡೆಗೊಮ್ಮೆ ನೋಡಿದಳು. ತಿಂಗಳುಗಟ್ಟಲೆ ತನಗೆ ನಿರಾಕರಿಸಿದ್ದನ್ನು ತವರಿನಲ್ಲಿ ಪಡೆದುಕೊಳ್ಳುತ್ತಿರುವ ನೋಟ ಅದು. ಸೀರೆಯ ನೆರಿಗೆ ಒತ್ತಿಕೊಂಡು ಎಲೆಯ ಮುಂದೆ ಕೂತಳು. ಅಮ್ಮ ನನ್ನ ಮುಖ ನೋಡಿದಳು. ನಾನು ಎಲೆಯನ್ನು ನೋಡಿದೆ. ಒಂದು ಚೊಂಬು ನೀರು ಉರುಳಿಸಿದ್ದರೂ ಸಾಕಿತ್ತು. ಅತ್ತಿಗೆಯ ಕೈ ಅನ್ನಕ್ಕೆ ಹೋಯಿತು, ತುತ್ತಾಯಿತು, ಬಾಯಿಗೆ ಹೋಯಿತು. ಈಗಲೂ ಯಾರಾದರೂ ನನ್ನೆದುರು ಮೊಸರನ್ನ ತಿನ್ನಲು ಕೂತರೆ ನನ್ನ ಕೈ ತಾನಾಗಿ ನೀರಿನ ಚೊಂಬಿನ ಕಡೆಗೆ ಹೋಗುತ್ತದೆ.

ಆಮೇಲೆ ಹಿತ್ತಲಲ್ಲಿ ಅಮ್ಮ ಪಿಸುಗುಟ್ಟಿದಳು: "ನಿದ್ದೆ ಬತ್ತದೆ, ಅಷ್ಟೇ ಅಲ್ವೇನೇ?"

"ಅಷ್ಟೇ ಇರಬೇಕು" ಎಂದೆ.

ಅತ್ತಿಗೆ ಮಧ್ಯಾಹ್ನವೆಲ್ಲ ಮಂಕಾಗಿ ಕೂತಿದ್ದಳು. ಹುಡುಗರು ಅಂಗಳದಲ್ಲಿ ಪಟಾಕಿ ಹಚ್ಚಿದರೂ ತಿರುಗಿ ನೋಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹಣತೆಗೆ ಎಣ್ಣೆ ಹಾಕುತ್ತಿದ್ದವಳು ನಾಲಗೆ ದಪ್ಪವಾದಂತೆ ತೊದಲಿದಳು. ಎಣ್ಣೆಯ ಗಿಂಡಿ ಕೈಯಿಂದ ಜಾರಿತು. ಕತ್ತು ಎಡಕ್ಕೆ, ಇನ್ನೂ ಎಡಕ್ಕೆ, ಯಾರೋ ಹಿಡಿದು ಹಿಂಡುತ್ತಿರುವಂತೆ ತಿರುಗಿತು. ಕಣ್ಣು ಸೂರಿನಲ್ಲಿ ನೆಟ್ಟವು.

ನನಗೆ ಆ ಕ್ಷಣವೇ ಗೊತ್ತಾಯಿತು. ಬೆಂಗಳೂರಿನ ಮಂಚದ ಮೇಲೆ ನೋಡಿದ್ದೇ ಅದು.

"ಗಾಳಿ ಸೋಕೈತೆ!" ಎಂದು ಅಜ್ಜಿ ಎದೆ ಬಡಿದುಕೊಂಡಳು. ಯಾರೋ ನಿಂಬೆಹಣ್ಣು ತಂದರು, ಯಾರೋ ಕುಂಕುಮ ತಂದರು. ದೇವರ ಮುಂದಿನ ತೀರ್ಥವನ್ನು ಅವಳ ಬಾಯಿಗೆ ಸುರಿಯಲು ಹೋದರು. ದವಡೆ ಕಚ್ಚಿಕೊಂಡಿತ್ತು, ಬೆರಳಿನಿಂದ ತುಟಿ ಬಿಡಿಸಿ ಸುರಿದರು. ನೀರು ಅಡ್ಡಹೋಗಿ ಅವಳ ಮುಖ ಕಪ್ಪಿಟ್ಟಿತು. ಅಣ್ಣ ಜನರನ್ನು ತಳ್ಳಿ ಮುಂದೆ ಬಂದು ಅವಳನ್ನು ಮಗ್ಗುಲಿಗೆ ಹೊರಳಿಸಿದ. "ಯಾರೂ ಏನೂ ಹಾಕ್ಬ್ಯಾಡ್ರಿ ಅವಳ ಬಾಯಿಗೆ!" ಎಂದು ಕೂಗಿದ. ಮದುವೆಯಾದ ಮೇಲೆ ಅವನ ಗಟ್ಟಿ ದನಿ ಕೇಳಿದ್ದು ಅದೇ ಮೊದಲು.

ಜಟಕಾದಲ್ಲಿ ಅವಳ ತಲೆ ಅಣ್ಣನ ತೊಡೆಯ ಮೇಲಿತ್ತು. ಅವನು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ: "ಬೆಂಗ್ಳೂರಾಗೆ ನಂಗೂ ಹಿಂಗೇ ಆಗಿತ್ತಲ್ವೇನೇ?"

"ಇಲ್ಲ. ನಿನಗೆ ಅದು ಜ್ವರಕ್ಕೆ" ಎಂದೆ.

ಪೇಟೆಯ ಡಾಕ್ಟರು ಹಬ್ಬದ ಪಂಚೆಯಲ್ಲೇ ಬಂದು ನೋಡಿದರು. ತೆಲುಗಿನವರು. ದವಡೆ ಮುಟ್ಟಿದರು, ಕತ್ತು ಮುಟ್ಟಿದರು, ಕೊನೆಗೆ ಅವಳ ಅಂಗಾಲಿನಲ್ಲಿ ಒಂದು ತರಚಿದ ಗಾಯ ಕಂಡು ಅಲ್ಲೇ ನಿಂತರು. ಧನುರ್ವಾಯು ಇರಬಹುದು, ಇಲ್ಲಿ ಆಗುವುದಿಲ್ಲ, ಈಗಲೇ ಅನಂತಪುರಕ್ಕೆ ಸಾಗಿಸಿ ಎಂದರು. ಅತ್ತಿಗೆಯ ಅಪ್ಪ ಜೀಪು ಹುಡುಕಲು ಬಾಗಿಲಿಗೆ ಓಡಿದರು. ಅಷ್ಟರಲ್ಲಿ ಅವಳ ಗಂಟಲಿನಿಂದ ಮರ ಗರಗಸಕ್ಕೆ ಸಿಕ್ಕಂಥ ಸದ್ದು ಬಂತು. ಉಸಿರು ಒಳಗೆ ಹೋಗಲು ಜಾಗ ಸಿಗದೆ ಕೊರೆಯುತ್ತಿತ್ತು. ಅನಂತಪುರದ ದಾರಿಯಲ್ಲಿ ಈ ಸದ್ದು ನಿಂತುಹೋಗುತ್ತದೆ ಎನಿಸಿತು. ಅಮ್ಮ ಗೋಡೆಗೆ ಅಂಟಿಕೊಂಡಿದ್ದಳು. ಅವಳ ಕಣ್ಣು ನನ್ನನ್ನು ಬೇಡ ಎನ್ನುತ್ತಿತ್ತೋ ಹೇಳು ಎನ್ನುತ್ತಿತ್ತೋ ನನಗೆ ತಿಳಿಯಲಿಲ್ಲ.

ನಾನು ಹೇಳಿದೆ. ಆದರೆ ಇಂಗ್ಲಿಷಿನಲ್ಲಿ ಹೇಳಿದೆ.

ಇದು ಧನುರ್ವಾಯು ಅಲ್ಲ ಸರ್, ಮಧ್ಯಾಹ್ನ ಹ್ಯಾಲೊಪೆರಿಡಾಲ್ ಹೊಟ್ಟೆಗೆ ಹೋಗಿದೆ ಎಂದೆ; ಅಣ್ಣನ ಮೊದಲನೆಯ ಮಾತ್ರೆಯ ಹೆಸರು ಅದು. ಹೇಗೆ ಎಂದು ಅವರು ಕೇಳುವ ಮೊದಲೇ "ಬೈ ಮಿಸ್ಟೇಕ್" ಎಂದು ಸೇರಿಸಿದೆ. ಕಾಲೇಜಿನಲ್ಲಿ ಕಲಿತ ಭಾಷೆ ನನಗೆ ಆ ಹೊತ್ತಿನಲ್ಲಿ ಒದಗಿದ್ದು ಹಾಗೆ: ಮಗಳು ಸಾಯುತ್ತಿರುವಾಗ ಅವಳ ಅಪ್ಪನಿಗೆ ಕಾರಣ ತಿಳಿಯದಿರಲಿ ಎಂದು.

ಡಾಕ್ಟರು ಮರುಮಾತಾಡದೆ ಕಪಾಟು ತೆರೆದು ಅಲರ್ಜಿಗೆ ಕೊಡುವ, ಇಂಥ ಬಿಗಿತವನ್ನೂ ಬಿಡಿಸುವ ಒಂದು ಇಂಜೆಕ್ಷನ್ ತೆಗೆದು ಚುಚ್ಚಿದರು. ಎಲ್ಲರೂ ನಿಂತೇ ಇದ್ದೆವು. ಹೊರಗೆ ಒಂದು ಸರಪಟಾಕಿ ಪೂರ್ತಿ ಹೊಡೆದು ಮುಗಿಯಿತು, ಇನ್ನೊಂದು ಹತ್ತಿತು. ಮೊದಲು ಗಂಟಲಿನ ಗರಗಸ ನಿಂತಿತು. ಆಮೇಲೆ ಕಣ್ಣು ಸೂರಿನಿಂದ ಇಳಿದವು. ಹೊಗೆ ಕಡಿಮೆಯಾಗುವಂತೆ ಕತ್ತು ಗೊತ್ತಾಗದ ಹಾಗೆ ನೆಟ್ಟಗಾಯಿತು. ಅವಳು ಅಳತೊಡಗಿದಳು.

ಆಗ ಡಾಕ್ಟರು ಕೈ ಒರೆಸಿಕೊಳ್ಳುತ್ತ ತೆಲುಗಿನಲ್ಲಿ ಎಲ್ಲರಿಗೂ ಕೇಳುವಂತೆ ಕೇಳಿದರು: "ಇಂತಕೀ ಎವರಿ ಮಾತ್ರಲು ಅವಿ? ಪಿಚ್ಚಿಕಿ ಇಚ್ಚೇವಿ ಕದಾ?"

ಅಷ್ಟಕ್ಕೂ ಯಾರ ಮಾತ್ರೆ ಅವು, ಹುಚ್ಚಿಗೆ ಕೊಡುವಂಥವಲ್ಲವೇ. ಆ ಊರಿನಲ್ಲಿ ಆ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅತ್ತಿಗೆಯ ಅಪ್ಪ ಬಾಗಿಲಿಂದ ಮೆಲ್ಲಗೆ ಒಳಗೆ ಬಂದು ಅಮ್ಮನೆದುರು ನಿಂತರು.

"ನಮ್ಮ ಹುಡುಗಿಗೆ ಉಸಿರು ಬಂತಮ್ಮ. ಈಗ ನಿಮಗೆ ಬಾಯಿ ಬರ್ಲಿ."

ಅಮ್ಮ ಗೋಡೆ ಜಾರಿ ನೆಲಕ್ಕೆ ಕೂತಳು. "ಹಿಂಗೈತೆ ಅಂತ ಹೇಳಿದ್ರೆ ಹೆಣ್ಣು ಕೊಡ್ತಿದ್ರಾ ಬೀಗರೇ?"

"ಕೊಡ್ತಿರ್ಲಿಲ್ಲ" ಎಂದರು ಅವರು. ಅಷ್ಟೇ ಎಂದರು.

ಅಣ್ಣ ಇನ್ನೂ ಅವಳ ತಲೆ ಹಿಡಿದುಕೊಂಡೇ ನಿಂತಿದ್ದ. ಅವನ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಮಾತ್ರೆ ಅಲ್ಲಿ ಏನನ್ನೂ ಕಾಣಗೊಡುತ್ತಿರಲಿಲ್ಲ. ನಿಧಾನವಾಗಿ, ಲೆಕ್ಕ ಸರಿ ನೋಡುವವನಂತೆ, ಅಮ್ಮನನ್ನು ಕೇಳಿದ:

"ಹಂಗಾದ್ರೆ ಅನ್ನದಾಗೆ ಹಾಕ್ತಿದ್ದದ್ದು ನಿಜಾನೇ?"

ಅನ್ನಕ್ಕೆ ಯಾರೋ ಏನೋ ಬೆರೆಸುತ್ತಾರೆ ಎನ್ನುವುದು ಅವನ ಕಾಯಿಲೆ ಎಂದು ದೊಡ್ಡ ಆಸ್ಪತ್ರೆಯಲ್ಲಿ ಬರೆದಿದ್ದರು. ಆ ಕಾಯಿಲೆ ವಾಸಿಮಾಡಲು ನಾವು ಅವನ ಅನ್ನಕ್ಕೆ ಬೆರೆಸಿದೆವು. ಅವನು ಸುಳ್ಳು ಕಂಡಾಗ ಹುಚ್ಚ ಎಂದೆವು. ಆಮೇಲೆ ಅವನು ಕಂಡ ಸುಳ್ಳನ್ನು ನಾವೇ ನಿಜ ಮಾಡಿಟ್ಟೆವು. ಇದನ್ನು ಬರೆಯುವಾಗಲೂ ನನ್ನ ತಲೆ ತಗ್ಗುತ್ತದೆ.

ಬೀಗರು ಅತ್ತಿಗೆಯನ್ನು ಕಳಿಸಲಿಲ್ಲ. ಕಳಿಸಿ ಎಂದು ಕೇಳುವ ಮುಖವೂ ನಮಗಿರಲಿಲ್ಲ. ಮಾರನೆಯ ದಿನ ಬಸ್ಸಿನಲ್ಲಿ ಅಣ್ಣ ಬಾಳೆಹಣ್ಣು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಹಿಂದೂಪುರದಲ್ಲೂ ಹಾಗೇ ಮುಂದುವರಿಸಿದ. ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಸುಲಿಯದ ಕಡಲೆಕಾಯಿ. ಸಿಪ್ಪೆಯಿರುವುದನ್ನು ಮಾತ್ರ, ತಾನೇ ಸುಲಿದು ತಿನ್ನುತ್ತಿದ್ದ. ಅಮ್ಮ ಮಾಡಿದ ಅಡುಗೆ ಹಾಗೇ ಆರುತ್ತಿತ್ತು. ಮಾತ್ರೆ ಹೋಗುವ ದಾರಿ ಮುಚ್ಚಿತು. ಮೊದಲು ಅವನ ಮುಖದ ಬಿಗಿ ಸಡಿಲಿತು. ಒಂದು ದಿನ ನಕ್ಕೂಬಿಟ್ಟ. ಅಮ್ಮ ಸಂತೋಷದಿಂದ ಅತ್ತಳು. ಕೆಲವು ವಾರಗಳಲ್ಲಿ ಅವನು ನೇಯುವುದನ್ನು ನಿಲ್ಲಿಸಿ ಪಕ್ಕದ ಮನೆಯ ಗೋಡೆಗೆ ಕಿವಿಯಿಟ್ಟು ನಿಂತ.

ಅದು ಹೇಗೋ ಕಲ್ಯಾಣದುರ್ಗಕ್ಕೆ ಮುಟ್ಟಿರಬೇಕು. ಒಂದು ಬೆಳಿಗ್ಗೆ ಅತ್ತಿಗೆ ಅಪ್ಪನ ಜೊತೆ ಬಂದಿಳಿದಳು. ಅವಳ ಅಪ್ಪ ಹೊಸ್ತಿಲು ದಾಟಲಿಲ್ಲ. ಚೀಲ ಇಳಿಸಿ, "ಹಟ ಮಾಡಿ ಬಂದವ್ಳೆ. ಒಂದು ಕಾಗದ ಬಂದ್ರೆ ಸಾಕು, ಬಂದು ಕರ್ಕೊಂಡು ಹೋಯ್ತೀನಿ" ಎಂದು ಅವಳಿಗೆ ಮಾತ್ರ ಹೇಳಿ ಹೊರಟುಹೋದರು.

ನಾನು ಕಾಲೇಜಿಗೆ ಹೊರಟು ನಿಂತಿದ್ದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಮ್ಮ ಬೈಮಿಸ್ಟೇಕು, ಕಾಲೇಜಿಗೆ ಹೊತ್ತಾಗಲಿಲ್ವ?" ಎಂದಳು. "ನಿನಗೆ ಅದು ಕೇಳಿಸಿತ್ತಾ?" ಎಂದೆ.

"ಯಾಕೆ? ಕತ್ತು ತಿರುಗಿದ್ರೆ ಕಿವೀನೂ ಹೋಯ್ತದಾ? ನಂಗೆ ಎಲ್ಲಾ ಕೇಳ್ತಿತ್ತು. ಗಾಳಿ ಅಂದದ್ದು, ಜ್ವರ ಅಂದದ್ದು, ಎಲ್ಲಾ. ಬಾಯೊಂದು ಬತ್ತಿರ್ಲಿಲ್ಲ."

"ಮತ್ತೆ ಯಾಕೆ ಬಂದೆ ಅತ್ತಿಗೆ?" ಎಂದು ಕೇಳಿದೆ.

ಅವಳು ಚೀಲವನ್ನು ಒಳಗೆ ಎಳೆದುಕೊಂಡಳು. "ಈಯಪ್ಪನ್ನ ಬಿಟ್ರೆ ಆ ಮಾತ್ರೆ ತಿಂದೋಳು ನಾನೊಬ್ಳೇ ಈ ಮನೇಲಿ. ಕತ್ತು ತಿರುಗೋದಕ್ಕೆ ಮುಂಚೆ ಹೆಂಗಿತ್ತು ಗೊತ್ತಾ? ಮೈಮ್ಯಾಲೆ ಒದ್ದೆ ಕಂಬಳಿ ಹೊದಿಸ್ದಂಗೆ. ಕಿವಿ ಪಕ್ಕ ಪಟಾಕಿ ಹೊಡುದ್ರೂ ಬೆಚ್ಚಲಿಲ್ಲ. ನಗು ಬರ್ಲಿಲ್ಲ, ಅಳು ಬರ್ಲಿಲ್ಲ. ಈಯಪ್ಪಂಗೆ ದಿನಾ ಹಂಗೇನಾ ಅಂದ್ಕೊಂಡೆ. ನಾನು ನೋಡಿದ್ರೆ, ನಗಲ್ಲ ಅಂತ ಮುನಿಸ್ಕೊಂಡಿದ್ದೆ."

ಅವಳೇ ಅಣ್ಣನನ್ನು ಬೆಂಗಳೂರಿಗೆ ಕರೆದುಕೊಂಡು ಹೋದಳು. ನನ್ನನ್ನು ಕರೆಯಲಿಲ್ಲ. ಡಾಕ್ಟರಿಗೆ ತಾನೇ ಎಲ್ಲ ಹೇಳಿ, ಕಂಬಳಿಯ ಭಾರ ಒಂದಿಷ್ಟು ಇಳಿಸಿ ಎಂದು ಕೇಳಿದಳಂತೆ. ಮಾತ್ರೆಯ ಪ್ರಮಾಣ ಇಳಿಯಿತು. ಊರಿಗೆ ಬಂದ ಮೇಲೆ ಎರಡು ಮಾತ್ರೆಗಳನ್ನೂ ಒಂದು ಪುಟ್ಟ ಬಟ್ಟಲಲ್ಲಿ ಹಾಕಿ ತಟ್ಟೆಯ ಪಕ್ಕದಲ್ಲಿ ಇಟ್ಟಳು. "ಇದು ಮಗ್ಗದ ಮಾತಿಗೆ. ಇದು ಕತ್ತಿಗೆ. ಅನ್ನದಾಗೆ ಏನೂ ಇಲ್ಲ." ಅಣ್ಣ ಬಹಳ ಹೊತ್ತು ಬಟ್ಟಲನ್ನು ನೋಡಿದ. ಅವಳ ಕತ್ತನ್ನು ನೋಡಿದ. ಕೊನೆಗೆ ನುಂಗುತ್ತೇನೆ, ಆದರೆ ಒಂದು ಮಾತು ಎಂದ.

ಅಂದಿನಿಂದ ಅವನು ಊಟಕ್ಕೆ ಕೂತಾಗಲೆಲ್ಲ ಅಮ್ಮ ಅವನೆದುರು ಬಂದು ಕೂರಬೇಕಾಯಿತು. ಅವನು ತನ್ನ ತಟ್ಟೆಯಿಂದ ಮೊದಲ ತುತ್ತು ಕಟ್ಟಿ ಅವಳ ಬಾಯಿಗಿಡುವನು. ಅವಳು ನುಂಗುವವರೆಗೆ ಅವಳ ಗಂಟಲನ್ನೇ ನೋಡುವನು. ಆಮೇಲೆ ಮಾತ್ರೆ, ಆಮೇಲೆ ಊಟ. ನೋಡಿದ ನೆಂಟರು ತಾಯಿಯ ಮೇಲೆ ಎಷ್ಟು ಪ್ರೀತಿ ಎಂದು ಮೆಚ್ಚಿಕೊಳ್ಳುತ್ತಿದ್ದರು. ಅಮ್ಮ ಕಣ್ಣು ತಗ್ಗಿಸಿ ಅಗಿಯುತ್ತಿದ್ದಳು. ಅಮ್ಮನ ಬಾಯಲ್ಲಿ ಹಲ್ಲಿಲ್ಲದ ಕಾಲ ಬಂದಾಗ ಅವನು ತುತ್ತನ್ನು ನುಣ್ಣಗೆ ಕಿವುಚಿ ಕೊಡತೊಡಗಿದ. ಆದರೂ ಅವಳ ಗಂಟಲು ನೋಡುವುದನ್ನು ಬಿಡಲಿಲ್ಲ.

ಅಮ್ಮ ಹೋದ ಮೇಲೆ ಅದು ನಿಂತಿರುತ್ತದೆ ಎಂದುಕೊಂಡಿದ್ದೆ. ಆ ವರ್ಷ ಹಬ್ಬಕ್ಕೆ ತವರಿಗೆ ಹೋದಾಗ ಅತ್ತಿಗೆ ಅಣ್ಣನಿಗೆ ತಟ್ಟೆ ಇಟ್ಟಳು, ಪಕ್ಕದಲ್ಲಿ ಬಟ್ಟಲು ಇಟ್ಟಳು. ಅವನು ಅನ್ನ ಕಲಸಿ, ತುತ್ತು ಕಟ್ಟಿ, ಸುತ್ತ ನೋಡಿ, ನನ್ನನ್ನು ಕರೆದ.

"ಬಾರಮ್ಮ. ಓದಿದೋಳು ನೀನು. ಮೊದ್ಲು ನೀನು ತಿನ್ನು."

ನಾನು ಹೋಗಿ ಅವನೆದುರು ಕೂತು ಬಾಯಿ ತೆರೆದೆ.